ಯಾರದಾದರೂ ತಕರಾರಿದ್ದರೆ

ಪಾದ್ರಿಯಾಗುವುದು ಸುಲಭ ಅಂದುಕೊಂಡವರು ಒಂದು ಸಲ ದೇವಶಾಸ್ತ್ರದ ಕಾಲೇಜಿನ ಆಫೀಸಿನಲ್ಲಿ ನನ್ನ ಮೇಜಿನ ಮುಂದೆ ಬಂದು ನಿಲ್ಲಬೇಕು. ಉದ್ದನೆಯ ನಿಲುವಂಗಿ ತೊಟ್ಟು ಎರಡು ಕೈ ಮೇಲೆತ್ತಿದರೆ ಮುಗಿಯಿತು ಅಂತ ಬರುವವರೇ ಹೆಚ್ಚು. ನಾನು ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಹೇಳುತ್ತಾ ಹೋದ ಹಾಗೆ ಅವರ ಮುಖ ಇಳಿಯುತ್ತಾ ಹೋಗುತ್ತದೆ. ಮೊದಲು ಯಾವುದಾದರೂ ಡಿಗ್ರಿ ಇರಬೇಕು. ಆಮೇಲೆ ನಮ್ಮಲ್ಲಿ ಮೂರು ವರ್ಷದ ಸ್ನಾತಕೋತ್ತರ ಓದು. ಗ್ರೀಕ್ ಪಾಸಾಗಬೇಕು, ಹೀಬ್ರೂ ಪಾಸಾಗಬೇಕು. ಸಹಪಾಠಿಗಳ ಎದುರು ಪ್ರಸಂಗ, ಅಂದರೆ ಉಪದೇಶ, ಮಾಡಿ ಎಲ್ಲರ ಹತ್ತಿರ ತಪ್ಪು ಹೇಳಿಸಿಕೊಳ್ಳಬೇಕು, ಹೇಳಿಸಿಕೊಳ್ಳುವಾಗ ತಿರುಗಿ ಮಾತಾಡುವ ಹಾಗಿಲ್ಲ. ಎರಡನೆಯ ವರ್ಷ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಜೈಲಿನಲ್ಲೋ ಸೇವೆ ಮಾಡಬೇಕು. ಕೊನೆಯ ವರ್ಷ ಒಂದು ಸಭೆಗೆ, ಅಂದರೆ ಯಾವುದಾದರೂ ಊರಿನ ಚರ್ಚಿಗೆ, ಹೋಗಿ ಅಲ್ಲಿನ ಸಭಾಪಾಲಕರ ಕೈಕೆಳಗೆ ದುಡಿಯಬೇಕು.

ಇಷ್ಟೆಲ್ಲ ಆದಮೇಲೂ ಒಂದು ಬಾಕಿ ಇರುತ್ತದೆ. ದೀಕ್ಷೆಗೆ ಮುಂಚೆ ಮೂರು ಭಾನುವಾರ, ಅವನು ದುಡಿದ ಸಭೆಯಲ್ಲೇ, ಆರಾಧನೆಯ ನಡುವೆ ಅವನ ಹೆಸರು ಓದುತ್ತಾರೆ. ಇವನನ್ನು ಸೇವೆಗೆ ತೆಗೆದುಕೊಳ್ಳಲಿದ್ದೇವೆ, ಯಾರದಾದರೂ ತಕರಾರಿದ್ದರೆ, ಅವರು ಯಾರೇ ಆಗಿರಲಿ, ಎದ್ದು ಹೇಳಲಿ ಅನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಯಾರೋ ಕೆಮ್ಮುತ್ತಾರೆ, ಯಾವುದೋ ಮಗು ಹಾಡಿನ ಪುಸ್ತಕ ಬೀಳಿಸುತ್ತದೆ. ಒಬ್ಬನ ಸಲ ಬಿಟ್ಟರೆ, ಎದ್ದವರನ್ನು ಮಾತ್ರ ನಾನು ಕಂಡಿಲ್ಲ, ಕೇಳಿಯೂ ಇಲ್ಲ.

ಆ ಮೌನಕ್ಕಾಗಿ ನಾನು ಮೂರು ವರ್ಷ ಕಾದೆ. ಯಾಕೆ ಅಂತ ಹೇಳುತ್ತೇನೆ.

ಒಂದು ಜೂನ್ ತಿಂಗಳ ಬೆಳಿಗ್ಗೆ, ಸೇರಲು ಬಂದವರ ಸಾಲಿನಲ್ಲಿ ಅವನು ನಿಂತಿದ್ದ. ಅವನಿಗೊಂದು ಹೆಸರಿದೆ. ಆದರೆ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, 'ಆ ಪುಣ್ಯಾತ್ಮ' ಅಂತಲೇ ನಾವು ಅನ್ನುವುದು, ಹಾಗಾಗಿ ಇಲ್ಲೂ ಅದೇ ಇರಲಿ. ಸ್ವಲ್ಪ ದಪ್ಪಗಾಗಿದ್ದ, ಕಿವಿಯ ಪಕ್ಕ ಬೆಳ್ಳಗಾಗಿತ್ತು. ನನ್ನನ್ನು ಅವನು ಗುರುತಿಸಲಿಲ್ಲ. ಗುರುತಿಸುವುದಕ್ಕೆ ಅವನು ನನ್ನನ್ನು ಯಾವತ್ತು ನೋಡಿದ್ದ? ನಾನು ಕೋರ್ಟಿನ ಕೊನೆಯ ಬೆಂಚಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದವಳು. ಅವನು ಕಟಕಟೆಯಲ್ಲಿ ನಿಂತು, ಒಗೆದ ಬಿಳಿ ಶರ್ಟಿನಲ್ಲಿ, ಲಾರಿ ಓಡಿಸುತ್ತಿದ್ದದ್ದು ನನ್ನ ಅಣ್ಣ ಅಂತ ಜಡ್ಜ್ ಎದುರು ಹೇಳಿದವನು.

ಓಡಿಸುತ್ತಿದ್ದದ್ದು ಅಣ್ಣನಲ್ಲ. ಅಣ್ಣ ಪೀಠೋಪಕರಣದ ಗೋದಾಮಿನಲ್ಲಿ ಲಾರಿ ಡ್ರೈವರ್, ಪುಣ್ಯಾತ್ಮ ಅಲ್ಲಿನ ಸೂಪರ್‌ವೈಸರ್. ಮಾಲು ಇಳಿಸಿ ವಾಪಸು ಬರುವಾಗ ಅಣ್ಣನಿಗೆ ಮೈ ಸುಡುವಷ್ಟು ಜ್ವರ. ನೀನು ಮಲಗು, ನಾನು ನೋಡಿಕೊಳ್ಳುತ್ತೇನೆ ಅಂತ ಇವನೇ ಸ್ಟಿಯರಿಂಗ್ ಹಿಡಿದ. ಇವನ ಹತ್ತಿರ ಇದ್ದದ್ದು ಕಾರಿನ ಲೈಸೆನ್ಸು. ಒಂದು ತಿರುವಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಮನುಷ್ಯ ಚಕ್ರದಡಿ ಹೋದ, ಲಾರಿ ಮರಕ್ಕೆ ಗುದ್ದಿತು. ಅಣ್ಣನ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಹೋಯಿತು. ಕಣ್ಣು ಬಿಡುವ ಹೊತ್ತಿಗೆ ಇವನು ಪೊಲೀಸರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ, ಅದನ್ನೇ ಗೋದಾಮಿನ ಮಾಲೀಕರಿಗೂ ಒಪ್ಪಿಸಿ, ಮನೆಗೆ ಹೋಗಿ ಸ್ನಾನವನ್ನೂ ಮಾಡಿದ್ದ. ಡಿಗ್ರಿ ಓದಿದ ಸೂಪರ್‌ವೈಸರ್ ಮಾತು ಹೆಚ್ಚೋ, ಜ್ವರದಲ್ಲಿ ಬಡಬಡಿಸಿದ ಡ್ರೈವರ್ ಮಾತು ಹೆಚ್ಚೋ? ಅಣ್ಣ ಜೈಲಿಗೆ ಹೋದ. ಗೊತ್ತಾಗಿದ್ದ ಮದುವೆ ಮುರಿಯಿತು. ಲೈಸೆನ್ಸು ಇನ್ನೆಂದೂ ಸಿಗದ ಹಾಗೆ ರದ್ದಾಯಿತು.

ಅಣ್ಣ ಈಗ ನನ್ನ ಮನೆಯಲ್ಲೇ ಇದ್ದಾನೆ. ನನ್ನ ಗಂಡ ಒಳ್ಳೆಯ ಮನುಷ್ಯ, ಭಾವಮೈದುನನ ವಿಷಯದಲ್ಲಿ ಒಂದು ದಿನವೂ ಮೂಗು ಮುರಿದವರಲ್ಲ. ಅಣ್ಣ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಪಂಕ್ಚರ್ ಹಾಕುತ್ತಾನೆ, ಹಳೆಯ ಟೈರ್ ಬಿಚ್ಚಿ ಹೊಸದು ಕೂರಿಸುತ್ತಾನೆ. ಗಾಡಿಯನ್ನು ಒಂದು ಮಾರು ಮುಂದೆ ತರಬೇಕು ಅಂದರೂ ಒಳಗಿದ್ದ ಮಾಲೀಕರನ್ನು ಕೂಗಿ ಕರೆಯುತ್ತಾನೆ, ತಾನು ಹತ್ತುವುದಿಲ್ಲ. ಬಸ್ಸಿನಲ್ಲಿ ಹೋದರೆ ಡ್ರೈವರ್ ಹಿಂದಿನ ಕಂಬಿ ಹಿಡಿದು ನಿಂತು, ಗೇರ್ ಬದಲಾಯಿಸುವ ಕೈಯನ್ನೇ ನೋಡುತ್ತಿರುತ್ತಾನೆ. ಎಷ್ಟೋ ಸಲ ಅವನ ಎಡಗಾಲು ತಾನಾಗಿಯೇ ಕ್ಲಚ್ ಒತ್ತುವುದನ್ನು ನಾನು ಕಂಡಿದ್ದೇನೆ. ವಕೀಲರು ಆಗಲೇ ಹೇಳಿಬಿಟ್ಟಿದ್ದರು, ಆ ಮನುಷ್ಯ ತಾನಾಗಿ ಬಂದು ನಿಜ ಒಪ್ಪಿಕೊಂಡರೆ ಕೇಸು ಮತ್ತೆ ತೆರೆಯಬಹುದು, ಹೆಸರೂ ಚೊಕ್ಕವಾಗುತ್ತದೆ, ಲೈಸೆನ್ಸೂ ಬರುತ್ತದೆ, ಬೇರೆ ದಾರಿ ಇಲ್ಲ ಅಂತ.

ಹಾಗಿದ್ದ ಆ ಮನುಷ್ಯ ತಾನಾಗಿ ಬಂದದ್ದು ಪೊಲೀಸ್ ಸ್ಟೇಷನ್ನಿಗಲ್ಲ, ನಮ್ಮ ಕಾಲೇಜಿಗೆ. ದೇವರು ಕರೆದನಂತೆ. ನನ್ನ ಮೇಜಿನ ಎದುರು ಕೂತು, "ಅಕ್ಕಾ, ಇನ್ನು ಏನೇನು ಬೇಕಾಗುತ್ತೆ ನನ್ನಿಂದ?" ಅಂತ ಎಷ್ಟು ಮೆತ್ತಗೆ ಕೇಳಿದ ಅಂದರೆ, ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಎತ್ತಿ ಅವನ ಹಣೆಗೆ ಕುಟ್ಟೋಣ ಅನ್ನಿಸಿತು. ಕುಟ್ಟಲಿಲ್ಲ. ಏನೇನು ಬೇಕೋ ಎಲ್ಲ ಹೇಳಿದೆ, ಮೂರು ಭಾನುವಾರದ ಓದಿನ ತನಕ. ಅದನ್ನು ಹೇಳುವಾಗಲೇ ನನಗೆ ದಾರಿ ಹೊಳೆದದ್ದು.

ಆ ದಿನವೇ ಪ್ರಿನ್ಸಿಪಾಲರ ಹತ್ತಿರ ಹೋಗಿ ಹೇಳಿದ್ದರೆ ಅವನನ್ನು ಬಾಗಿಲಲ್ಲೇ ತಡೆಯಬಹುದಿತ್ತು. ಬಾಗಿಲಲ್ಲಿ ತಡೆದರೆ ಅವನಿಗೆ ಏನು ನಷ್ಟ? ಇನ್ನೊಂದು ಬಾಗಿಲು ತಟ್ಟುತ್ತಾನೆ. ಅಟ್ಟ ಹತ್ತಿಸಿ ಏಣಿ ತೆಗೆಯಬೇಕು. ಓದಲಿ, ಬೆವರು ಸುರಿಸಲಿ, ಅವನ ಅಪ್ಪ ಅಮ್ಮ ಊರಿಗೆಲ್ಲ ಹೇಳಿಕೊಳ್ಳಲಿ, ನಿಲುವಂಗಿ ಹೊಲಿಸಲಿ. ಕೊನೆಯ ಭಾನುವಾರ ಯಾರದಾದರೂ ತಕರಾರಿದ್ದರೆ ಅಂದಾಗ ನಾನು ಎದ್ದು ನಿಲ್ಲುತ್ತೇನೆ ಅಂತ ತೀರ್ಮಾನ ಮಾಡಿದೆ. ಸಂಜೆ ಅಣ್ಣನಿಗೆ ಹೇಳಿದೆ. ಅವನು ಕೈಗೆ ಹತ್ತಿದ ಮಸಿಯನ್ನು ಸೋಪಿನ ಪುಡಿಯಲ್ಲಿ ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ, ಓದಲಿ ಬಿಡು ಅಂದ, ಅಷ್ಟೇ.

ನಾನು ಓದಿಸಿದೆ ನೋಡಿ. ಗಣಿತಕ್ಕೆ ಹೆದರುವ ಮಕ್ಕಳ ಹಾಗೆ ಅವನು ಹೀಬ್ರೂಗೆ ಹೆದರುತ್ತಿದ್ದ. ಬಲದಿಂದ ಎಡಕ್ಕೆ ಬರೆಯುವ ಭಾಷೆ, ಎಲ್ಲವನ್ನೂ ತಿರುಗುಮುರುಗು ಹೇಳಿ ಅಭ್ಯಾಸವಿದ್ದವನಿಗೆ ಬರಬೇಕಿತ್ತು, ಬರಲಿಲ್ಲ. ಮೊದಲ ವರ್ಷ ಫೇಲಾದ. ಓದು ಬಿಟ್ಟು ಹೋಗುತ್ತೇನೆ ಅಂತ ನನ್ನ ಮುಂದೆ ಕಣ್ಣೀರು ಹಾಕಿದ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದರೆ? ಹೀಬ್ರೂ ಮೇಷ್ಟ್ರ ಹತ್ತಿರ ನಾನೇ ಹೋಗಿ, ಇನ್ನೊಂದು ಪರೀಕ್ಷೆ ಕೊಡಬಹುದು ಅಂತ ನಿಯಮದಲ್ಲಿದೆ ಸಾರ್ ಅಂತ ನೆನಪು ಮಾಡಿ, ಅವನಿಗೆ ಪಾಠ ಹೇಳಿಕೊಡಲು ಮೂರನೆಯ ವರ್ಷದವರನ್ನು ಗೊತ್ತುಮಾಡಿದೆ. ಪಾಸಾದ ದಿನ ಅವನು ನನಗೆ ಒಂದು ಡಬ್ಬಿ ಬಿಸ್ಕತ್ತು ತಂದುಕೊಟ್ಟ. ಹಿಂದಿನ ಜನ್ಮದಲ್ಲಿ ನೀವು ನನ್ನ ಅಕ್ಕ ಆಗಿದ್ದಿರಬೇಕು ಅಂದ. ಪಾದ್ರಿಯಾಗುವವನು ಹಿಂದಿನ ಜನ್ಮದ ಮಾತಾಡಬಾರದಪ್ಪ, ಅಂಕ ಕಳೀತಾರೆ ಅಂದೆ. ಬಿಸ್ಕತ್ತನ್ನು ಕಾಲೇಜಿನ ತೋಟದ ಕಾಗೆಗಳಿಗೆ ಹಾಕಿದೆ.

ಎರಡನೆಯ ವರ್ಷ ಯಾರನ್ನು ಎಲ್ಲಿಗೆ ಕಳಿಸುವುದು ಅಂತ ಪಟ್ಟಿ ಮಾಡುವುದು ನಾನೇ, ಪ್ರಿನ್ಸಿಪಾಲರು ಸಹಿ ಹಾಕುತ್ತಾರೆ ಅಷ್ಟೇ. ಅವನು ಆಸ್ಪತ್ರೆ ಕೇಳಿದ್ದ. ನಾನು ಜೈಲಿಗೆ ಹಾಕಿದೆ, ಅದೂ ಅಣ್ಣ ಇದ್ದ ಜೈಲಿಗೆ. ಆ ಕಬ್ಬಿಣದ ಬಾಗಿಲು ಬೆನ್ನ ಹಿಂದೆ ಮುಚ್ಚುವ ಸದ್ದು ಕೇಳಲಿ, ಆ ಬಚ್ಚಲಿನ ವಾಸನೆ ಮೂಗಿಗೆ ಹೋಗಲಿ ಅಂತ. ಮೊದಲ ವಾರ ಬಂದವನ ಮುಖ ಬೂದಿಯಾಗಿತ್ತು. ನಾನು ರಾತ್ರಿ ಚೆನ್ನಾಗಿ ಊಟ ಮಾಡಿದೆ. ಆದರೆ ಮನುಷ್ಯ ಯಾವುದಕ್ಕೆ ಒಗ್ಗುವುದಿಲ್ಲ ಹೇಳಿ? ತಿಂಗಳು ಕಳೆಯುವುದರೊಳಗೆ ಕೈದಿಗಳು ಅವನನ್ನು ಕಂಡರೆ ಪ್ರಾಣ ಬಿಡುತ್ತಿದ್ದರು. ಅವನ ಸೇವೆಯನ್ನು ಜೈಲರ್ ಹೊಗಳಿದರು, ಪ್ರಿನ್ಸಿಪಾಲರು ಹೊಗಳಿದರು, ತರಗತಿಯಲ್ಲಿ ಅವನ ವರದಿಯನ್ನೇ ಮಾದರಿ ಅಂತ ಓದಿಸಿದರು. ನನ್ನ ಅಣ್ಣ ಅನ್ನ ತಿಂದ ತಟ್ಟೆಯ ಮೇಲೆ ಇವನು ಹೆಸರು ಮಾಡಿದ.

ಮೂರನೆಯ ವರ್ಷ ಊರಾಚೆಯ ಒಂದು ಸಭೆಗೆ ಹೋದ. ಅಲ್ಲಿನ ಜನಕ್ಕೂ ಅವನು ಬೇಕಾದವನಾದ. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಬರುತ್ತಾನೆ, ಮದುವೆಯಲ್ಲಿ ಕೊನೆಗೆ ಉಣ್ಣುತ್ತಾನೆ ಅನ್ನುತ್ತಿದ್ದರು. ನಾನು ಇದನ್ನೆಲ್ಲ ಕೇಳಿ ಹಲ್ಲು ಕಚ್ಚಿಕೊಂಡು, ಹತ್ತಪ್ಪಾ ಹತ್ತು, ಇನ್ನೂ ಎರಡು ಮೆಟ್ಟಿಲಿದೆ ಅಂದುಕೊಳ್ಳುತ್ತಿದ್ದೆ.

ಕೊನೆಗೂ ಮೊದಲ ಭಾನುವಾರ ಬಂತು. ನಾನು ಬಸ್ಸು ಹಿಡಿದು ಆ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅವನ ಹೆಸರು ಓದಿದರು, ಯಾರದಾದರೂ ತಕರಾರಿದ್ದರೆ ಅಂದರು, ಸುಮ್ಮನಾದರು. ನನ್ನ ತೊಡೆ ತಾನಾಗಿ ಬಿಗಿಯಿತು. ಆದರೆ ಏಳಲಿಲ್ಲ. ಮೂರನೆಯ ಭಾನುವಾರ ಬಿಷಪ್ ಬರುತ್ತಾರೆ, ಅವನ ಅಪ್ಪ ಅಮ್ಮ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಇಷ್ಟು ಕಾದವಳು ಇನ್ನೆರಡು ವಾರ ಕಾಯಲಾರೆನೆ? ಆಸೆಬುರುಕತನ ಅನ್ನಿ ಬೇಕಾದರೆ. ಅದೇ ನನ್ನ ತಲೆ ಮೇಲೆ ಕಲ್ಲು ಹಾಕಿತು.

ಆ ವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಅವನ ಕೊನೆಯ ಸಂದರ್ಶನ ನಡೆಯಿತು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವನಿಗೂ ಕೇಳಿದರಂತೆ, ಮನಸ್ಸಿನಲ್ಲಿ ಇಳಿಸದೆ ಹೊತ್ತುಕೊಂಡಿರುವ ಭಾರ ಏನಾದರೂ ಇದೆಯೇ ಅಂತ. ಎಲ್ಲರೂ ಇಲ್ಲ ಅನ್ನುತ್ತಾರೆ. ಪುಣ್ಯಾತ್ಮ ಅತ್ತುಬಿಟ್ಟ. ಲಾರಿಯ ಕತೆ ಪೂರ್ತಿ ಹೇಳಿದ. ಹೊರಗೆ ಬಂದಾಗ ಪ್ರಿನ್ಸಿಪಾಲರ ಕಣ್ಣೂ ಕೆಂಪಾಗಿತ್ತು. ಮರುದಿನ ನನಗೆ ಕಾಗದ ಹೇಳಿ ಬರೆಸುತ್ತಾ, ಎಂಥ ಪ್ರಾಮಾಣಿಕ ಮನುಷ್ಯ ನೋಡಿ, ಈ ಭಾನುವಾರ ಸಭೆಯ ಎದುರು ಎಲ್ಲ ಹೇಳಿಕೊಳ್ಳುತ್ತಾನಂತೆ, ನಾನೇ ಧೈರ್ಯ ಕೊಟ್ಟೆ ಅಂದರು. ನನ್ನ ಬೆರಳು ಟೈಪು ಮಾಡುತ್ತಲೇ ಇತ್ತು. ಏನು ಟೈಪು ಮಾಡಿದೆನೋ, ಆಮೇಲೆ ಇಡೀ ಹಾಳೆ ಹರಿದು ಹಾಕಬೇಕಾಯಿತು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾಲೇಜಿನ ಪ್ರಾರ್ಥನಾ ಮಂದಿರದ ಪಕ್ಕ ಹೋಗುತ್ತಿದ್ದೆ. ಒಳಗೆ ಖಾಲಿ ಬೆಂಚುಗಳ ಎದುರು ಅವನೊಬ್ಬನೇ ನಿಂತು ಅಭ್ಯಾಸ ಮಾಡುತ್ತಿದ್ದ. ನಮ್ಮಲ್ಲಿ ಪ್ರಸಂಗದ ಪಾಠದಲ್ಲಿ ಅದನ್ನೇ ಕಲಿಸುತ್ತಾರೆ, ಎಲ್ಲಿ ಧ್ವನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಿ ಜನರ ಮುಖ ನೋಡಬೇಕು ಅಂತ. ಅವನಿಗೆ ಅದರಲ್ಲಿ ತರಗತಿಗೇ ಹೆಚ್ಚು ಅಂಕ ಬಂದಿತ್ತು. "ಆ ಡ್ರೈವರ್ ಈಗ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ" ಅನ್ನುವ ಸಾಲನ್ನು ಅವನು ಹೇಳಿ ನೋಡಿದ. ಸರಿ ಅನ್ನಿಸಲಿಲ್ಲ. 'ಈಗ' ಆದಮೇಲೆ ಒಂದು ಕ್ಷಣ ನಿಲ್ಲಿಸಿ ಮತ್ತೆ ಹೇಳಿದ. ಆಗ ಸರಿಹೋಯಿತು.

ಟೈರ್ ಅಂಗಡಿ ಕಾಲೇಜಿನಿಂದ ಆ ಸಭೆಗೆ ಹೋಗುವ ಬಸ್ಸಿನ ದಾರಿಯಲ್ಲೇ ಇದೆ. ಇಡೀ ವರ್ಷ ಇವನು ಅದರ ಮುಂದೆಯೇ ಓಡಾಡಿದ್ದಾನೆ. ಹುಡುಕಿದ್ದರೆ ತಾನೆ ಗೊತ್ತಾಗುವುದು. ನಾನು ಮಂದಿರದ ಕಿಟಕಿಯ ಕಂಬಿ ಹಿಡಿದು ನೋಡುತ್ತಾ ನಿಂತೆ, ಅವನ ಕೆನ್ನೆ ಒದ್ದೆಯಾಗಿತ್ತು. ಅವನು ಸುಳ್ಳು ಅಳುತ್ತಿದ್ದ ಅಂತ ನಾನು ಹೇಳುವುದಿಲ್ಲ. ನಿಜವಾಗಿಯೇ ಅಳುತ್ತಿದ್ದ. ಆದರೆ ಅಳುತ್ತಲೇ ಅಳು ಚೆನ್ನಾಗಿ ಬಂತೇ ಅಂತ ನೋಡಿಕೊಳ್ಳುತ್ತಿದ್ದ.

ಎರಡನೆಯ ಭಾನುವಾರ ನಾನು ಅದೇ ಹಿಂದಿನ ಸಾಲಿನಲ್ಲಿದ್ದೆ. ಯಾರದಾದರೂ ತಕರಾರಿದ್ದರೆ ಅಂತ ಓದಿದ ಕೂಡಲೇ ಮುಂದಿನಿಂದ ಅವನೇ ಎದ್ದ. ನನ್ನ ಮೇಲೆ ನನ್ನದೇ ತಕರಾರಿದೆ ಅಂದ. ಜನ ಬೆಪ್ಪಾದರು. ಅವನು ಹೇಳಿದ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ, ತಗ್ಗಿಸಬೇಕಾದಲ್ಲಿ ತಗ್ಗಿಸಿದ. ಜ್ವರ, ಸ್ಟಿಯರಿಂಗ್, ಸೈಕಲ್, ಕಟಕಟೆ ಎಲ್ಲ ಬಂತು. ಅಣ್ಣನ ಹೆಸರು ಮಾತ್ರ ಬರಲಿಲ್ಲ. ಮುಗಿಯುವ ಹೊತ್ತಿಗೆ ಅರ್ಧ ಸಭೆ ಮೂಗು ಒರೆಸಿಕೊಳ್ಳುತ್ತಿತ್ತು. ಒಬ್ಬ ಮುದುಕಿ ಹೋಗಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಸಭಾಪಾಲಕರು, ಇಂಥವನೇ ನಮ್ಮ ಮಂದೆಗೆ ಬೇಕಾಗಿದ್ದ ಕುರುಬ ಅಂದರು, ಎಲ್ಲರೂ ಎದ್ದು ಹಾಡಿದರು. ಮೂರು ವರ್ಷ ನಾನು ಹಿಡಿದು ನಿಂತಿದ್ದ ಏಣಿಯನ್ನು ಅವನು ಮೇಲಿನಿಂದಲೇ ಎಳೆದುಕೊಂಡುಬಿಟ್ಟ. ಮಾಡಿದ ಪಾಪವೇ ಅವನಿಗೆ ಹೊಸ ಅಂಗಿಯಾಗಿ ಬಂತು. ನಾನು ಹಾಡಲಿಲ್ಲ. ಪಕ್ಕದವಳು ನನ್ನ ಕಣ್ಣೀರು ನೋಡಿ, ದೇವರು ದೊಡ್ಡವನು ಅಲ್ಲವೇ ಅಕ್ಕ ಅಂತ ಕೈ ಹಿಡಿದಳು. ಕೈ ಕಿತ್ತುಕೊಂಡು ಬಂದೆ.

ಅಣ್ಣ ಅಂಗಳದಲ್ಲಿ ನನ್ನ ಗಂಡನ ಸ್ಕೂಟರಿನ ಚಕ್ರ ಬಿಚ್ಚಿಕೊಂಡು ಕೂತಿದ್ದ. ನಾನು ಚಪ್ಪಲಿ ಬಿಡುವುದಕ್ಕೂ ಮುಂಚೆ ಎಲ್ಲ ಕಾರಿಕೊಂಡೆ, ಆ ಪುಣ್ಯಾತ್ಮನ ವಂಶವನ್ನೆಲ್ಲ ಬೈದೆ. ಅಣ್ಣ ಪೂರ್ತಿ ಕೇಳಿದ. ಕೇಳಿ ಎರಡೇ ಪ್ರಶ್ನೆ ಹಾಕಿದ.

"ನನ್ನ ಹೆಸರು ಹೇಳಿದನಾ?"

"ಇಲ್ಲ."

"ಸ್ಟೇಷನ್ನಿಗೆ ಹೋಗ್ತೀನಿ ಅಂದನಾ?"

"ಅದೂ ಇಲ್ಲ. ಹಾಡು ಹೇಳಿಸಿಕೊಂಡು ಮನೆಗೆ ಹೋದ."

ಅಣ್ಣ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗ ಹುಡುಕಿ ಹೆಬ್ಬೆರಳಲ್ಲಿ ಒತ್ತಿ ಹಿಡಿದ. ಮುಂದಿನ ವಾರ ತಾನೂ ಬರುತ್ತೇನೆ ಅಂದ.

ಮೂರನೆಯ ಭಾನುವಾರ ಸಭೆ ಕಿಕ್ಕಿರಿದಿತ್ತು. ಬಿಷಪ್ ಬಂದಿದ್ದರು, ಪ್ರಿನ್ಸಿಪಾಲರು ಅವರ ಪಕ್ಕ ಕೂತಿದ್ದರು. ಅವನ ಅಪ್ಪ ಹೊಸ ಕೋಟು ಹಾಕಿದ್ದ, ಅಮ್ಮ ಮಡಿಲಲ್ಲಿ ಕಾಗದ ಸುತ್ತಿದ ನಿಲುವಂಗಿ ಇಟ್ಟುಕೊಂಡಿದ್ದಳು. ಅಣ್ಣ ಇಸ್ತ್ರಿ ಮಾಡಿದ ಶರ್ಟಿನಲ್ಲಿ ನನ್ನ ಪಕ್ಕ ಕೂತ. ಉಗುರಿನ ಸಂದಿಯ ಕಪ್ಪು ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಪುಣ್ಯಾತ್ಮ ಜನರನ್ನು ನೋಡಿ ನಗುತ್ತಿದ್ದ. ನನ್ನನ್ನು ಕಂಡು ತಲೆಬಾಗಿದ. ಕಣ್ಣು ಪಕ್ಕಕ್ಕೆ ಸರಿಯಿತು, ಅಣ್ಣನ ಮೇಲೆ ನಿಂತಿತು, ನಗು ಹಾಗೇ ಉಳಿದುಹೋಯಿತು.

ಸಭಾಪಾಲಕರು ಓದಿದರು. ಈ ಸಲ ಏಳುವವರು ಯಾರು ಅನ್ನುವ ಹಾಗೆ ಬೇಗ ಬೇಗ ಓದಿದರು. ಯಾರದಾದರೂ ತಕರಾರಿದ್ದರೆ ಅನ್ನುವುದು ಮುಗಿಯುವ ಮುಂಚೆಯೇ ನಾನು ಎದ್ದಿದ್ದೆ.

"ನಂದಿದೆ. ಹೋದ ವಾರ ಇವರು ಹೇಳಿದ ಡ್ರೈವರ್ ನನ್ನ ಅಣ್ಣ. ಎಲ್ಲಿದ್ದಾನೋ ಗೊತ್ತಿಲ್ಲ ಅಂದರಲ್ಲ, ಇಲ್ಲೇ ಇದ್ದಾನೆ. ನಿಮಗೆ ಹೇಳಿದ್ದನ್ನ ಇವರು ಪೊಲೀಸರಿಗೆ ಹೇಳಿಲ್ಲ. ನಿಮ್ಮ ಎದುರು ಅತ್ತರು, ನಮ್ಮ ಮನೆ ಬಾಗಿಲು ತಟ್ಟಲಿಲ್ಲ."

ನಾನು ಅವನ ಮುಖವನ್ನೇ ನೋಡಿದೆ. ಮೂರು ವರ್ಷ ಮನಸ್ಸಿನಲ್ಲಿ ಬಿಡಿಸಿಕೊಂಡಿದ್ದ ಮುಖ ಅದೇ, ಒಂದು ಗೆರೆ ಹೆಚ್ಚಿಲ್ಲ ಕಡಿಮೆಯಿಲ್ಲ. ಅವನ ಅಮ್ಮ ಕಾಗದದ ಪೊಟ್ಟಣವನ್ನು ಮಡಿಲಿನಿಂದ ಬೆಂಚಿನ ಮೇಲಿಟ್ಟಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಹೇಳಲಾರೆ, ಆ ತಾಯಿಯ ಮುಖ ಕಂಡೂ ಆಯಿತು.

ಮೊದಲು ಗೊಣಗಾಟ ಎದ್ದಿತು. ಕ್ಷಮಿಸಿದ ಮೇಲೆ ಮತ್ತೇಕೆ ಕೆದಕುವುದು ಅಂತ ಯಾರೋ ಅಂದರು. ದ್ವೇಷ ಇಟ್ಟುಕೊಂಡು ದೇವರ ಮನೆಗೆ ಬರಬಾರದು ಅಂತ ಇನ್ನೊಬ್ಬರು ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು ಎದ್ದು ನಿಂತು, ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದರು. ಅವರ ದನಿಯಲ್ಲಿ ಜೇನು ಸುರಿಯುತ್ತಿತ್ತು. ದೇವರೇ ನಿಮ್ಮನ್ನು ಇವತ್ತು ಇಲ್ಲಿಗೆ ಕರೆತಂದಿದ್ದಾನೆ ಸಹೋದರರೇ, ಇವರನ್ನು ಕ್ಷಮಿಸಿದೆ ಅಂತ ಒಂದು ಮಾತು ಹೇಳಿಬಿಡಿ ಅಂದರು. ಇಡೀ ಸಭೆ ತಿರುಗಿ ಅಣ್ಣನನ್ನು ನೋಡಿತು. ಹಾರ್ಮೋನಿಯಂ ನುಡಿಸುವವನು ಆಗಲೇ ಮನೆಗಳ ಮೇಲೆ ಬೆರಳಿಟ್ಟಿದ್ದ.

ಅಣ್ಣ ನಿಧಾನವಾಗಿ ಎದ್ದ. ಅಷ್ಟು ಜನರ ಎದುರು ಅವನು ಕೊನೆಯ ಸಲ ನಿಂತಿದ್ದು ಕೋರ್ಟಿನಲ್ಲಿ. ಹೇಳಿಬಿಡುತ್ತಾನೆ, ಕ್ಷಮಿಸಿದೆ ಅಂದುಬಿಡುತ್ತಾನೆ, ಅವನ ಸ್ವಭಾವವೇ ಅದು ಅಂತ ನನ್ನ ಜೀವ ಹೋಯಿತು.

"ಇವರು ಕ್ಷಮೆ ಕೇಳಿದ್ದು ನಿಮ್ಮನ್ನ. ನೀವು ಕೊಟ್ಟಿದ್ದೀರಿ, ಅದು ನಿಮ್ಮಿಷ್ಟ. ನನ್ನನ್ನ ಇನ್ನೂ ಯಾರೂ ಕೇಳಿಲ್ಲ."

ಪುಣ್ಯಾತ್ಮ ನಡುವಿನ ದಾರಿಯಲ್ಲಿ ಬಂದ. ಅಣ್ಣನ ಎದುರು ಮೊಣಕಾಲೂರಿದ. ಬಾಯಿ ತೆರೆದ, ಮಾತು ಬರಲಿಲ್ಲ. ಈ ಸಲ ಅಭ್ಯಾಸ ಇರಲಿಲ್ಲವಲ್ಲ. ಅಣ್ಣ ಅವನ ತೋಳು ಹಿಡಿದು ಎಬ್ಬಿಸಿದ.

"ಏಳಪ್ಪ. ಇಲ್ಲಿ ಜನ ಇದ್ದಾರೆ, ಇಲ್ಲಿ ಕೇಳೋದು ಸುಲಭ. ನಾಳೆ ಬೆಳಗ್ಗೆ ಸ್ಟೇಷನ್ನಿಗೆ ಬಾ. ನಾನು ಹೊರಗೆ ಕೂತಿರ್ತೀನಿ. ಅಲ್ಲಿ ಹೇಳು. ಆಮೇಲೆ ಕೇಳು."

ಬಿಷಪ್ ಅಲ್ಲಿಯತನಕ ಒಂದು ಮಾತೂ ಆಡಿರಲಿಲ್ಲ. ಈಗ ಎದ್ದು, ತಕರಾರು ಬಂದಿದೆ, ಅದು ತೀರುವ ತನಕ ದೀಕ್ಷೆ ಇಲ್ಲ ಅಂದರು. ಹಾರ್ಮೋನಿಯಂ ಮುಚ್ಚಿದ ಸದ್ದು ಕೇಳಿತು. ಅವನ ಅಪ್ಪ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ. ಜನ ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ಹೋದರು. ನಾನು ಎದೆ ಎತ್ತಿಕೊಂಡು ನಡೆದೆ. ಬಸ್ಸಿನಲ್ಲಿ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿ ಕೂತೆ. ಅಟ್ಟವೂ ಅಲ್ಲೇ ಇತ್ತು, ಅವನೂ ಅಲ್ಲೇ ಇದ್ದ, ಏಣಿ ಮಾತ್ರ ಇರಲಿಲ್ಲ. ಅಣ್ಣ ಎಂದಿನಂತೆ ಡ್ರೈವರ್ ಹಿಂದೆ ನಿಂತಿದ್ದ.

ಮರುದಿನ ನಾನು ರಜೆ ಹಾಕಿದೆ. ಸ್ಟೇಷನ್ನಿನ ಎದುರು ಒಂದು ಸಿಮೆಂಟಿನ ಬೆಂಚಿದೆ, ಇಬ್ಬರೂ ಅಲ್ಲಿ ಕೂತೆವು. ಬಾಗಿಲಲ್ಲಿದ್ದ ಪೇದೆ ಏನು ಬೇಕು ಅಂತ ಕೇಳಿದ. ಒಬ್ಬರು ಬರಬೇಕು ಅಂದ ಅಣ್ಣ. ಅವನು ಗಡ್ಡ ಬೋಳಿಸಿದ್ದ, ನಿನ್ನೆಯ ಶರ್ಟನ್ನೇ ಒಗೆದು ಒಣಗಿಸಿ ಹಾಕಿದ್ದ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಒಂದೊಂದು ಹೋದಾಗಲೂ ಅಣ್ಣ ಅದು ಕಣ್ಮರೆಯಾಗುವ ತನಕ ನೋಡುತ್ತಿದ್ದ.

ಬಿಸಿಲೇರಿತು. ಪುಣ್ಯಾತ್ಮ ಬರಲಿಲ್ಲ. ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಬಂದರೆ ಜೈಲು, ಯಾರು ಬರುತ್ತಾರೆ? ಬಾರದೆ ಹೋದರೆ ಅವನ ಕತೆ ಮುಗಿದ ಹಾಗೆ. ಆ ಸಭೆಯಲ್ಲಿ, ಕಾಲೇಜಿನಲ್ಲಿ, ಅವನ ಅಪ್ಪನ ಬೀದಿಯಲ್ಲಿ ಅವನು ಏನು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಬದುಕಿರುವ ತನಕ ತಲೆ ಎತ್ತಲಾರ. ಅದನ್ನು ನೆನೆಸಿಕೊಂಡು ನನಗೆ ಒಳಗೊಳಗೇ ತಂಪಾಗುತ್ತಿತ್ತು. ಬಂದುಬಿಟ್ಟರೆ? ಬಂದರೆ ಅವನು ನಿಜವಾಗಿಯೂ ಒಳ್ಳೆಯವನಾಗಿಬಿಡುತ್ತಾನೆ. ಶಿಕ್ಷೆ ಮುಗಿಸಿ ಹೊರಗೆ ಬರುತ್ತಾನೆ, ಆಗ ಯಾರ ತಕರಾರೂ ಇರುವುದಿಲ್ಲ, ನನ್ನದೂ ಸೇರಿ. ಆ ಯೋಚನೆ ಬಂದಾಗ ಮೈಯೆಲ್ಲ ಉರಿಯಿತು. ಬರಬೇಡ, ಬರಬೇಡ, ನಿನ್ನ ಕಾಲು ಮುರಿದು ಬೀಳಲಿ ಅಂತ ನಾನು ಹಲ್ಲಿನ ಸಂದಿಯಲ್ಲಿ ಅನ್ನುತ್ತಿದ್ದೆ.

ಪಕ್ಕದಲ್ಲಿ ಸಣ್ಣಗೆ ಸದ್ದು ಕೇಳಿತು. ತಿರುಗಿ ನೋಡಿದೆ. ಅಣ್ಣ ಎರಡು ಕೈಯನ್ನೂ ಮೊಣಕಾಲ ಮೇಲೆ ಬಿಗಿಯಾಗಿ ಒತ್ತಿಕೊಂಡು, ರಸ್ತೆಯ ಆ ತುದಿಯನ್ನೇ ನೋಡುತ್ತಾ, ಬಾರಪ್ಪ, ಬಾರಪ್ಪ ಅನ್ನುತ್ತಿದ್ದ. ಜೈಲಿನಿಂದ ಬಂದಮೇಲೆ ಅವನು ಏನನ್ನಾದರೂ ಬೇಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಹಲ್ಲು ಬಿಗಿಹಿಡಿದೆ. ಆದರೂ ಒಳಗೆ ಬರಬೇಡ, ಬರಬೇಡ ಅನ್ನುವುದು ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಸ್ತೆಯ ತುದಿಯಲ್ಲಿ ಅವನು ಕಂಡ. ಒಬ್ಬನೇ ಇದ್ದ. ಕೈಯಲ್ಲಿ ಬಟ್ಟೆಯ ಚೀಲ, ಒಂದು ಜೊತೆ ಬಟ್ಟೆ, ಒಂದು ಟವೆಲ್ ಹಿಡಿಸುವಷ್ಟು ದೊಡ್ಡದು. ನಿಧಾನವಾಗಿ, ಎಲ್ಲೂ ನಿಲ್ಲದೆ ಬರುತ್ತಿದ್ದ.

"ಪುಟ್ಟಿ, ಬಂದ ನೋಡೇ" ಅಂದ ಅಣ್ಣ. ಮದುವೆ ಗೊತ್ತಾದ ದಿನ ಅವನ ದನಿ ಹೀಗಿತ್ತು. ಅವನು ಎದ್ದು, ಶರ್ಟು ಸರಿಮಾಡಿಕೊಂಡು, ನಾನೂ ಏಳಲಿ ಅಂತ ನನ್ನ ಕಡೆ ಕೈ ಚಾಚಿದ.

ನಾನು ಆ ಕೈ ಹಿಡಿಯಲಿಲ್ಲ. ನನ್ನ ಅಣ್ಣನ ಬಾಳಿನಲ್ಲಿ ಬಂದ ಒಂದೇ ಒಂದು ಒಳ್ಳೆಯ ದಿನ, ನಾನು ಬೆಂಚಿನ ಮೇಲೆ ಕೂತೇ ಇದ್ದೆ.